ಮಾನಹಾನಿಯ ನ್ಯಾಯದಲ್ಲಿ ‘ಸದ್ಭಾವ’ ಶಬ್ದದ ಅರ್ಥ

ರಾಯಬಾಗವು ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದುವು. ಆ ಸಂಸ್ಥಾನದ ದಿವಾನ ಮಾಧವರಾವ್ ಬರ್ವೆಯವರು ಅರಸನಾದ ನಾಲ್ಕನೆಯ ಶಿವಾಜಿಯನ್ನು ಪೀಡಿಸುತ್ತಿರುವರೆಂದು ‘ಕೇಸರಿ’, ‘ಮರಾಠಾ’ ಪತ್ರಿಕೆಗಳು ದೂರಿದುವು. ಆಧಾರವೆಂದು ನಂಬಿದ್ದ ಪತ್ರಗಳು ಕೃತ್ರಿಮವೆಂದು ಕಂಡುಬಂದು, 1882ರಲ್ಲಿ ತಿಲಕರಿಗೂ ಆಗರಕರರಿಗೂ ನಾಲ್ಕು ತಿಂಗಳ ಸೆರೆಯಾಯಿತು.

1860ರ ದಂಡಸಂಹಿತೆಯ 499ನೆಯ ಕಲಮು ಅಧಿಕಾರಿಯ ಸಾರ್ವಜನಿಕ ನಡತೆಯನ್ನು ಸದ್ಭಾವದಿಂದ ವಿಮರ್ಶಿಸಲು ಎಡೆಗೊಟ್ಟಿದ್ದಿತು. ಆದರೆ 52ನೆಯ ಕಲಮಿನಂತೆ ತಕ್ಕ ಎಚ್ಚರಿಕೆಯಿಲ್ಲದೆ ನಂಬಿದುದು ಸದ್ಭಾವವೆನಿಸದು. ಲೋಕರೂಢಿಯಲ್ಲಿ ಮನಶ್ಶುದ್ಧಿಯನ್ನಷ್ಟೇ ಹೇಳುವ ಶಬ್ದವು ನ್ಯಾಯದಲ್ಲಿ ಪರೀಕ್ಷೆಯನ್ನೂ ಬೇಡುತ್ತದೆ.

ಅಮೆರಿಕೆಯಲ್ಲಿ, 1964ರ ಸಲಿವನ್ ತೀರ್ಪಿನಂತೆ, ಲೇಖಕನು ಸುಳ್ಳೆಂದರಿತೋ ಸತ್ಯಾಸತ್ಯವನ್ನು ಲೆಕ್ಕಿಸದೆಯೋ ಬರೆದನೆಂದು ಅಧಿಕಾರಿಯೇ ಸಾಧಿಸಬೇಕು. 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 356ನೆಯ ಕಲಮಿನಲ್ಲಿಯಾದರೋ, ಎಚ್ಚರಿಕೆಯಿಂದ ನಡೆದೆನೆಂದು ತೋರಿಸುವ ಹೊರೆ ಬರೆದವನದೇ.