ಗೆರೆ ಯಾರ ಸೊತ್ತು?

‘15 ಚುಕ್ಕಿ, 15 ಸಾಲು’ ಎಂದು ಹೇಳಿಕೊಟ್ಟ ರಂಗೋಲಿಯನ್ನು ವಿಕ್ರೋಳಿಯ ನಮ್ಮ ಹೊಸ್ತಿಲಲ್ಲೂ ಬಿಡಿಸಬಹುದು, ಊರಿನ ಅಂಗಳದಲ್ಲೂ ಬಿಡಿಸಬಹುದು, ಅಂದ ಕೆಡೋದಿಲ್ಲ. ಕಂಪ್ಯೂಟರಿನ ವೆಕ್ಟರ್ ಚಿತ್ರವೂ ಹಾಗೇ, ಗೆರೆ ಎಳೆಯುವ ಸೂಚನೆ. ಆ ಸೂಚನೆಯ ಭಾಷೆ ಯಾರದು ಅನ್ನೋದೇ ಜಗಳ.

ಜಾಲದ ನಿಯಮ ರೂಪಿಸುವ ಡಬ್ಲ್ಯು-ತ್ರೀ-ಸಿ ಸಂಸ್ಥೆಯ ಮುಂದೆ 1998ರಲ್ಲಿ ಮೈಕ್ರೋಸಾಫ್ಟ್ ಬಳಗ ಒಂದು ಭಾಷೆ ಇಟ್ಟಿತು, ಅಡೋಬಿ ಬಳಗ ಇನ್ನೊಂದನ್ನು. 2001ರಲ್ಲಿ ಎಲ್ಲರಿಗೂ ಮುಕ್ತವಾದ ಎಸ್‌ವಿಜಿ ಬಂತು. ಆದ್ರೆ ಮೈಕ್ರೋಸಾಫ್ಟಿನ ಬ್ರೌಸರ್ ಅದನ್ನು ಬರಮಾಡಿಕೊಂಡದ್ದು 2011ರಲ್ಲಿ! ಅಡೋಬಿಯೋ, 2005ರಲ್ಲಿ ಫ್ಲ್ಯಾಶ್ ಕೈಸೇರಿದ ಮೇಲೆ, ಎಸ್‌ವಿಜಿ ತೋರಿಸುವ ತನ್ನ ಸಾಧನವನ್ನೇ ಕೈಬಿಟ್ಟಿತು. 2020ರ ಕೊನೆಗೆ ಫ್ಲ್ಯಾಶಿಗೂ ಬೀಗ ಬಿತ್ತು. ಅದನ್ನೇ ನಂಬಿ ಬರೆದ ಚಿತ್ರಗಳು ಇಂದಿನ ಬ್ರೌಸರುಗಳಲ್ಲಿ ತೆರೆಯೋದಿಲ್ಲ; ಎಸ್‌ವಿಜಿ ಚಿತ್ರ ತೆರೆಯುತ್ತದೆ.

ಮಲೆನಾಡಿನ ಹಸೆ ಚಿತ್ತಾರವನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರಿಗೆ ನಾನು ಹೇಳೋದಿಷ್ಟೇ: ಕಂಪನಿ ಬಾಗಿಲು ಹಾಕಿದರೂ ಓದಲು ಬರುವ ಭಾಷೆಯಲ್ಲೇ ಬರೆದಿಡಿ.