ಮೇಯರ್ ಬಂದರು, ಎದ್ದು ನಿಲ್ಲಿ! ರೆಡಿಂಗ್ ಬರೋ ಕೌನ್ಸಿಲ್‌ನಲ್ಲೊಂದು ಸಂಜೆ

ಇಂಗ್ಲೆಂಡಿಗೆ ಕೆಲಸಕ್ಕೆ ಬರುವ ನಮ್ಮವರು ಇಲ್ಲಿ ಮೊಟ್ಟಮೊದಲು ಬಾಯಿಪಾಠ ಮಾಡುವ ಪದ ಯಾವುದು ಗೊತ್ತಾ? ‘ಕೌನ್ಸಿಲ್ ಟ್ಯಾಕ್ಸ್’. ಬಾಡಿಗೆ ಕರಾರಿಗೆ ಸಹಿ ಹಾಕಿ, ಸೂಟ್‌ಕೇಸ್ ಪೂರ್ತಿ ಬಿಚ್ಚುವ ಮೊದಲೇ ಲಕೋಟೆ ಬಂದು ಬಾಗಿಲ ಬಳಿ ಬಿದ್ದಿರುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತು. ಫೆಬ್ರವರಿ, ಮಾರ್ಚ್‌ನಲ್ಲಿ ಕಟ್ಟುವ ಹಾಗಿಲ್ಲ. ‘ಅಬ್ಬಾ, ಎರಡು ತಿಂಗಳು ಉಳೀತು’ ಅಂತ ನಾವು ಖುಷಿಪಡುತ್ತೇವೆ.

ಮುಂದಿನ ವರ್ಷ ಎಷ್ಟು ಕಟ್ಟಬೇಕು ಅಂತ ಕೌನ್ಸಿಲ್ ಕೂತು ತೀರ್ಮಾನ ಮಾಡುವುದು ಇದೇ ಎರಡು ತಿಂಗಳ ಬಿಡುವಿನಲ್ಲಿ. ಕಾನೂನಿನ ಪ್ರಕಾರ ಮಾರ್ಚ್ 11ರ ಒಳಗೆ ತೆರಿಗೆ ನಿಗದಿಯಾಗಲೇಬೇಕು. ಹಾಗಾಗಿ ಫೆಬ್ರವರಿ ಕೊನೆಗೆ ಬಹುತೇಕ ಎಲ್ಲ ಊರುಗಳಲ್ಲೂ ಬಜೆಟ್ ಸಭೆ. ನಾನಿರುವ ರೆಡಿಂಗ್‌ನಲ್ಲೂ ಅಷ್ಟೇ. ‘ದುಡ್ಡು ಕೊಡೋರು ನಾವು, ಲೆಕ್ಕ ಹೇಗೆ ಹಾಕ್ತಾರೆ ನೋಡೋಣ’ ಅಂದುಕೊಂಡು ಒಂದು ಸಂಜೆ ಆಫೀಸಿನಿಂದ ನೇರ ಬ್ರಿಜ್ ಸ್ಟ್ರೀಟ್‌ನ ಸಿವಿಕ್ ಆಫೀಸಿಗೆ ನಡೆದೆ.

ಬರೋ ಅಂದ್ರೆ ಏನು?

‘ಬರೋ’ ಹಳೇ ಇಂಗ್ಲಿಷಿನ ಪದ. ಮೂಲದಲ್ಲಿ ಕೋಟೆ ಕಟ್ಟಿದ ಊರು ಅಂತ ಅರ್ಥ. ರಾಜಮುದ್ರೆಯ ಸನ್ನದು ಪಡೆದ ಊರಿಗೆ ಈ ಪಟ್ಟ, ಜೊತೆಗೆ ಒಬ್ಬ ಮೇಯರ್ ಇಟ್ಟುಕೊಳ್ಳುವ ಗೌರವ. ರೆಡಿಂಗ್ ಬರೋದಲ್ಲಿ 2021ರ ಜನಗಣತಿಯಂತೆ ಸುಮಾರು 1.74 ಲಕ್ಷ ಜನ. ಹನ್ನೆರಡು ಸಾವಿರದ ಆಸುಪಾಸು ಜನರಿರುವ ವೆಲ್ಸ್ ಇಲ್ಲಿ ‘ಸಿಟಿ’. ರೆಡಿಂಗ್ ಮಾತ್ರ ಇನ್ನೂ ‘ಟೌನ್’. ಹಲವು ಸಲ ಅರ್ಜಿ ಹಾಕಿದರೂ ಸಿಟಿ ಪಟ್ಟ ಸಿಕ್ಕಿಲ್ಲ.

1998ರಲ್ಲಿ ಬರ್ಕ್‌ಷೈರ್ ಕೌಂಟಿ ಕೌನ್ಸಿಲ್ ರದ್ದಾಯಿತು. ಆಮೇಲಿಂದ ಕಸ, ರಸ್ತೆ, ಶಾಲೆ, ಲೈಬ್ರರಿ, ವೃದ್ಧರ ಆರೈಕೆ, ಮನೆ ಕಟ್ಟಲು ಅನುಮತಿ ಎಲ್ಲವೂ ಈ ಒಂದೇ ಕೌನ್ಸಿಲ್ ತಲೆ ಮೇಲೆ. ಊರಿನ ಬಸ್ ಕಂಪನಿ ರೆಡಿಂಗ್ ಬಸಸ್ ಕೂಡ ಕೌನ್ಸಿಲ್‌ನದೇ. ಇಂಗ್ಲೆಂಡಿನಲ್ಲಿ ಈಗ ಇಂಥ ಊರುಗಳು ಬೆರಳೆಣಿಕೆಯಷ್ಟು.

16 ವಾರ್ಡ್, ವಾರ್ಡಿಗೆ 3 ಜನರಂತೆ 48 ಸದಸ್ಯರು. ಇವರಿಗೆ ಸಂಬಳ ಇಲ್ಲ, ಭತ್ಯೆ ಇದೆ. ಹಗಲು ಬೇರೆ ಕೆಲಸ ಮಾಡುವವರೂ ಇರುವುದರಿಂದ ಸಭೆ ಸಂಜೆ ಹೊತ್ತು. ಮೇಯರ್‌ಗೆ ಒಂದು ವರ್ಷದ ಅವಧಿ; ಸಭೆ ನಡೆಸುವುದು, ಸಮಾರಂಭಗಳಿಗೆ ಹೋಗುವುದು ಅವರ ಕೆಲಸ. ನಿಜವಾದ ಅಧಿಕಾರ ಬಹುಮತದ ಪಕ್ಷದ ನಾಯಕರ ಕೈಯಲ್ಲಿ. ಅವರನ್ನು ‘ಲೀಡರ್’ ಅಂತಾರೆ.

ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಡ

‘ಪಾಸ್ ಬೇಕಾ?’ ಅಂತ ಬಾಗಿಲಲ್ಲಿ ಕೇಳಿದೆ. ಬೇಡ ಅಂದರು. ‘ಹೆಸರು ಬರೀಬೇಕಾ?’ ಅದೂ ಬೇಡ ಅಂತ ನಕ್ಕರು.

ಈ ಬಾಗಿಲು ತಾನಾಗಿಯೇ ತೆರೆದುಕೊಂಡದ್ದಲ್ಲ. ಹಿಂದೊಮ್ಮೆ ಪತ್ರಿಕಾ ಮುದ್ರಣ ಕಾರ್ಮಿಕರ ಮುಷ್ಕರ ನಡೆದಾಗ ಕೆಲವು ಕೌನ್ಸಿಲ್‌ಗಳು ಪತ್ರಕರ್ತರನ್ನು ಸಭೆಯಿಂದ ಹೊರಗಿಟ್ಟವು. ಅದಕ್ಕೆ ಉತ್ತರವಾಗಿ ಹೊಸದಾಗಿ ಸಂಸತ್ತಿಗೆ ಬಂದಿದ್ದ ಒಬ್ಬ ಮಹಿಳೆ ಖಾಸಗಿ ಮಸೂದೆ ಮಂಡಿಸಿದರು. 1960ರಲ್ಲಿ ಅದು ಕಾಯ್ದೆಯಾಯಿತು. ಆಕೆ ಮಾರ್ಗರೆಟ್ ಥ್ಯಾಚರ್. ಸಂಸತ್ತಿನಲ್ಲಿ ಆಕೆಯ ಮೊದಲ ಭಾಷಣವೇ ಈ ವಿಷಯದ ಮೇಲೆ.

2014ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಈಗ ಸಾರ್ವಜನಿಕರು ಸಭೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಬಹುದು, ಅಲ್ಲೇ ಕೂತು ಪೋಸ್ಟ್ ಹಾಕಬಹುದು. ಸಭೆಗೆ ಕನಿಷ್ಠ 5 ಪೂರ್ಣ ದಿನ ಮೊದಲು ಕಾರ್ಯಸೂಚಿ ಪ್ರಕಟವಾಗಬೇಕು. ಅದರ ಜೊತೆ ಅಧಿಕಾರಿಗಳ ವರದಿಗಳೂ ಇರುತ್ತವೆ. ಬಜೆಟ್ ಸಭೆಯದ್ದಾದರೆ ನೂರಾರು ಪುಟ. ನಾನು ರೈಲಿನಲ್ಲಿ ಫೋನ್ ಹಿಡಿದು ಓದಿದ್ದು ಮೊದಲ ಇಪ್ಪತ್ತು ಪುಟ ಮಾತ್ರ. ಅಷ್ಟಕ್ಕೇ ಅರ್ಧ ಊರಿನ ಕಥೆ ಗೊತ್ತಾಯಿತು.

ಆ ಸಂಜೆಯ ಕಲಾಪ

ಮೇಯರ್ ಕೊರಳಲ್ಲಿ ದಪ್ಪ ಸರ ಹಾಕಿಕೊಂಡು ಬಂದರು, ಎಲ್ಲರೂ ಎದ್ದು ನಿಂತರು. ಹಿಂದಿನ ಸಾಲಿನಲ್ಲಿದ್ದ ನಾವೂ ಎದ್ದೆವು. ಆಮೇಲೆ ಎಲ್ಲವೂ ಪಟ್ಟಿಯ ಪ್ರಕಾರ. ಕಳೆದ ಸಭೆಯ ನಡಾವಳಿಗೆ ಒಪ್ಪಿಗೆ, ಹಿತಾಸಕ್ತಿಯ ಘೋಷಣೆ, ಮನವಿಗಳು, ಸಾರ್ವಜನಿಕರ ಪ್ರಶ್ನೆ, ಸದಸ್ಯರ ಪ್ರಶ್ನೆ, ವರದಿಗಳು, ಕೊನೆಗೆ ನಿರ್ಣಯ.

‘ಹಿತಾಸಕ್ತಿ’ ಅಂದ್ರೆ ಸುಮ್ಮನೆ ಶಾಸ್ತ್ರ ಅಂದುಕೊಳ್ಳಬೇಡಿ. ಚರ್ಚೆಗೆ ಬಂದ ವಿಷಯದಲ್ಲಿ ಸದಸ್ಯರಿಗೋ ಅವರ ಸಂಗಾತಿಗೋ ಹಣಕಾಸಿನ ಲಾಭವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಚರ್ಚೆಯಿಂದ ದೂರ ಇರಬೇಕು. ಮುಚ್ಚಿಟ್ಟರೆ 2011ರ ಲೋಕಲಿಸಂ ಕಾಯ್ದೆಯಡಿ ಅದು ಅಪರಾಧ. ಬಜೆಟ್ ದಿನ ಇನ್ನೊಂದು ನಿಯಮವೂ ಇದೆ. ಎರಡು ತಿಂಗಳಿಗಿಂತ ಹೆಚ್ಚು ಕೌನ್ಸಿಲ್ ಟ್ಯಾಕ್ಸ್ ಬಾಕಿ ಉಳಿಸಿಕೊಂಡ ಸದಸ್ಯರು ಅದನ್ನು ಸಭೆಗೆ ತಿಳಿಸಬೇಕು, ಮತ ಹಾಕುವಂತಿಲ್ಲ. ಆರು ತಿಂಗಳು ಒಂದೂ ಸಭೆಗೆ ಬರದಿದ್ದರೆ, ರಜೆಗೆ ಕೌನ್ಸಿಲ್ ಮೊದಲೇ ಒಪ್ಪಿರದಿದ್ದರೆ, ಸದಸ್ಯತ್ವವೇ ಹೋಗುತ್ತದೆ.

ಎಲ್ಲವೂ ಇಷ್ಟು ಶಿಸ್ತಾಗಿಯೇ ನಡೆಯುತ್ತೆ ಅಂತೇನಿಲ್ಲ. ಹ್ಯಾಂಡ್‌ಫೋರ್ತ್ ಎಂಬ ಪುಟ್ಟ ಪ್ಯಾರಿಷ್ ಕೌನ್ಸಿಲ್‌ನವರು 2020ರ ಡಿಸೆಂಬರ್‌ನಲ್ಲಿ ಜೂಮ್‌ನಲ್ಲಿ ಕೂಗಾಡಿಕೊಂಡ ವಿಡಿಯೊ ಎರಡು ತಿಂಗಳ ನಂತರ ಇಡೀ ದೇಶದಲ್ಲಿ ವೈರಲ್ ಆಗಿತ್ತಲ್ಲ? ಸಭೆ ನಿಭಾಯಿಸಿದ ಜಾಕಿ ವೀವರ್ ರಾತ್ರೋರಾತ್ರಿ ಮನೆಮಾತಾದರು.

ನನ್ನ ಪಕ್ಕ ಎಪ್ಪತ್ತು ದಾಟಿದ ಹೆಂಗಸೊಬ್ಬರು ಫ್ಲಾಸ್ಕ್‌ನಲ್ಲಿ ಚಹಾ ತಂದು ಕೂತಿದ್ದರು. ನನಗೂ ಒಂದು ಮುಚ್ಚಳ ಕೊಟ್ಟರು. ಗಂಡನಿಗೆ ಮರೆವಿನ ಕಾಯಿಲೆಯಂತೆ. ವಾರದಲ್ಲಿ ಎರಡು ದಿನ ಆತನನ್ನು ಹಗಲು ಆರೈಕೆ ಕೇಂದ್ರಕ್ಕೆ ಬಿಡುತ್ತಾರೆ. ‘ಆ ಎರಡು ದಿನವೇ ನಾನು ಅಂಗಡಿಗೆ ಹೋಗೋದು, ಕೂದಲು ಕತ್ತರಿಸಿಕೊಳ್ಳೋದು, ನಿದ್ದೆ ಮಾಡೋದು’ ಅಂದರು. ಪ್ರತಿ ವರ್ಷ ಬಜೆಟ್ ಸಭೆಗೆ ಬರುತ್ತಾರಂತೆ. ‘ಮಾತಾಡ್ತೀರಾ?’ ಅಂದೆ. ‘ಇಲ್ಲಪ್ಪ. ಕೈ ಎತ್ತುವ ಮೊದಲು ಅವರು ನನ್ನ ಮುಖ ನೋಡಲಿ ಅಂತ ಬರ್ತೀನಿ.’

ಮತದಾನದ ಸಮಯ ಬಂತು. ಬೇರೆ ದಿನಗಳಲ್ಲಿ ಕೈ ಎತ್ತಿದರೆ ಸಾಕು, ಬಜೆಟ್‌ಗೆ ಹಾಗಾಗದು. 2014ರಿಂದ ಒಬ್ಬೊಬ್ಬರ ಹೆಸರು ಹಿಡಿದು ಪರ, ವಿರೋಧ, ತಟಸ್ಥ ಅಂತ ದಾಖಲಿಸುವುದು ಕಡ್ಡಾಯ. ನಿಮ್ಮ ವಾರ್ಡಿನ ಸದಸ್ಯರು ತೆರಿಗೆ ಏರಿಕೆಗೆ ಏನಂದರು ಅಂತ ನಾಳೆ ನೀವು ನಡಾವಳಿ ತೆಗೆದು ನೋಡಬಹುದು. ಸಮಬಲವಾದರೆ ಮೇಯರ್‌ಗೆ ನಿರ್ಣಾಯಕ ಮತ.

ದುಡ್ಡು ಎಲ್ಲಿಗೆ ಹೋಗುತ್ತೆ?

‘ಕಸ ಎತ್ತೋಕೆ ಇಷ್ಟೊಂದು ದುಡ್ಡಾ?’ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರತಿ ಮಾರ್ಚ್‌ನಲ್ಲಿ ಬರುವ ಪ್ರಶ್ನೆ ಇದು. ಇಂಥ ಕೌನ್ಸಿಲ್‌ಗಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಎರಡೇ ಬಾಬ್ತಿಗೆ: ವಯಸ್ಕರ ಆರೈಕೆ ಮತ್ತು ಮಕ್ಕಳ ರಕ್ಷಣೆ. ಅರ್ಹರಾದ ವೃದ್ಧರಿಗೆ, ಅಂಗವಿಕಲರಿಗೆ ಆರೈಕೆ ಒದಗಿಸುವುದು 2014ರ ಕೇರ್ ಕಾಯ್ದೆಯಂತೆ ಕೌನ್ಸಿಲ್‌ನ ಕರ್ತವ್ಯ. ‘ಈ ವರ್ಷ ಆಗಲ್ಲ’ ಅನ್ನುವಂತಿಲ್ಲ. ವಯಸ್ಸಾದವರ ಸಂಖ್ಯೆ ಏರಿದಂತೆ ಈ ಬಾಬ್ತು ಉಬ್ಬುತ್ತದೆ, ಉಳಿದವು ಬಡವಾಗುತ್ತವೆ. ಯುವಕರ ಕ್ಲಬ್ಬು, ಪಾರ್ಕಿನ ನಿರ್ವಹಣೆ, ಲೈಬ್ರರಿಯ ಸಮಯ ಮೊದಲು ಕತ್ತರಿಗೆ ಸಿಗುತ್ತವೆ.

ಹಾಗಾದ್ರೆ ತೆರಿಗೆ ಏರಿಸಿಬಿಟ್ಟರಾಯ್ತಲ್ವಾ? ಅದಕ್ಕೂ ಲಗಾಮಿದೆ. 2023-24ರಿಂದ ರೆಡಿಂಗ್‌ನಂಥ ಕೌನ್ಸಿಲ್ ವರ್ಷಕ್ಕೆ ಶೇ 5 ಅಥವಾ ಅದಕ್ಕಿಂತ ಹೆಚ್ಚು ಏರಿಸಬೇಕಾದರೆ ಊರಿನ ಜನಮತ ಕೇಳಬೇಕು. ಅದಕ್ಕೇ ಎಲ್ಲ ಕಡೆ ಏರಿಕೆ 4.99 ಅಂತ ಕಾಣಿಸುವುದು. ಬಾಟಾ ಚಪ್ಪಲಿ ಬೆಲೆ ನೋಡಿದ ಹಾಗೆ!

ಬಿಲ್ ಬಗ್ಗೆ ಇನ್ನೊಂದು ಮಜಾ ಇದೆ. ಮನೆಗಳನ್ನು ಎ ಇಂದ ಎಚ್‌ವರೆಗೆ 8 ಬ್ಯಾಂಡ್‌ಗಳಲ್ಲಿ ಹಂಚಿದ್ದಾರೆ. ಲೆಕ್ಕ ಹಿಡಿಯುವುದು 1991ರ ಏಪ್ರಿಲ್ 1ರ ಬೆಲೆ. ಮೊನ್ನೆ ಮೊನ್ನೆ ಕಟ್ಟಿದ ಅಪಾರ್ಟ್‌ಮೆಂಟಿಗೂ ‘1991ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು’ ಅಂತ ಊಹಿಸಿ ಬ್ಯಾಂಡ್ ಕೊಡುತ್ತಾರೆ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕಟ್ಟುವುದೇ ಬೇಡ. ಹೊಸದಾಗಿ ಬಂದವರು ಇದನ್ನು ನೆನಪಿಟ್ಟುಕೊಳ್ಳಿ, ಕೇಳದಿದ್ದರೆ ಸಿಗಲ್ಲ.

ಪಕ್ಕದೂರು ಕೈ ಚೆಲ್ಲಿದಾಗ

ಸಭೆಯಲ್ಲಿ ಎಲ್ಲರಿಗೂ ಒಳಗೊಳಗೇ ಇರುವ ಭಯಕ್ಕೆ ‘ಸೆಕ್ಷನ್ 114’ ಅಂತ ಹೆಸರು. ಕೇಂದ್ರ ಸರ್ಕಾರ ಸಾಲ ಮಾಡಿ ದಿನದ ಖರ್ಚು ನಡೆಸಬಹುದು; ಕೌನ್ಸಿಲ್ ಹಾಗೆ ಮಾಡುವಂತಿಲ್ಲ. ಆದಾಯ, ಖರ್ಚು ಸರಿದೂಗಲೇಬೇಕು. ಸರಿದೂಗದು ಅನ್ನಿಸಿದರೆ ಮುಖ್ಯ ಹಣಕಾಸು ಅಧಿಕಾರಿ 1988ರ ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ ನೋಟಿಸ್ ಹೊರಡಿಸಬೇಕು. ಹೊಸ ಖರ್ಚು ನಿಲ್ಲುತ್ತದೆ. 21 ದಿನದೊಳಗೆ ಸದಸ್ಯರು ಸಭೆ ಸೇರಬೇಕು.

ನಮ್ಮಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಸ್ಲೌ ಊರಲ್ಲಿ 2021ರ ಜುಲೈನಲ್ಲಿ ಹೀಗೇ ಆಯಿತು. ಡಿಸೆಂಬರ್ ಹೊತ್ತಿಗೆ ಸರ್ಕಾರ ತನ್ನ ಕಮಿಷನರ್‌ಗಳನ್ನು ಕಳಿಸಿತು. 2023-24ರಲ್ಲಿ ವಿಶೇಷ ಅನುಮತಿಯ ಮೇಲೆ ಅಲ್ಲಿನ ತೆರಿಗೆ ಶೇ 9.99 ಏರಿತು. ಸ್ಲೌನಲ್ಲಿ ಭಾರತೀಯ ಮೂಲದವರು ತುಂಬಾ ಜನ. ಬಿಸಿ ತಟ್ಟಿದ್ದು ಅವರಿಗೂ.

2023ರ ಜೂನ್‌ನಲ್ಲಿ ವೋಕಿಂಗ್ ಸರದಿ. ಸಾಲ ತಂದು ಗಗನಚುಂಬಿ ಕಟ್ಟಡ, ಹೋಟೆಲ್‌ಗೆ ಹಣ ಸುರಿದಿದ್ದ ಕೌನ್ಸಿಲ್ ಅದು. ವರ್ಷಕ್ಕೆ 1.6 ಕೋಟಿ ಪೌಂಡ್ ಆಸುಪಾಸಿನ ಬಜೆಟ್, ಎದುರಿಗೆ 120 ಕೋಟಿ ಪೌಂಡ್ ಕೊರತೆ! ಆ ಸಾಲಗಳಿಗೂ ಒಪ್ಪಿಗೆ ಸಿಕ್ಕಿದ್ದು ಕೌನ್ಸಿಲ್‌ನ ಸಭೆಗಳಲ್ಲೇ. ಹಿಂದಿನ ಸಾಲಿನ ಕುರ್ಚಿಗಳು ಖಾಲಿ ಇದ್ದಷ್ಟೂ ಇಂಥ ಅಂಕಿಗಳು ಸಲೀಸಾಗಿ ದಾಟಿಬಿಡುತ್ತವೆ ಅನ್ನುವುದು ನನ್ನ ಅನಿಸಿಕೆ.

ಪಕ್ಕದ ಮನೆ, ನಮ್ಮ ಕಿಟಕಿ

ಬಜೆಟ್ ಬೇಜಾರು ಅನ್ನಿಸಿದರೆ ಪ್ಲ್ಯಾನಿಂಗ್ ಕಮಿಟಿಗೆ ಹೋಗಿ. ಪಕ್ಕದವರು ಹಿತ್ತಲಲ್ಲಿ ಕೋಣೆ ಕಟ್ಟುವುದರಿಂದ ಹಿಡಿದು ಇಪ್ಪತ್ತು ಅಂತಸ್ತಿನ ಕಟ್ಟಡದವರೆಗೆ ಅರ್ಜಿಗಳು ಬರುತ್ತವೆ. ಬಹುಪಾಲು ಅರ್ಜಿ ಅಧಿಕಾರಿಗಳ ಹಂತದಲ್ಲೇ ಮುಗಿಯುತ್ತವೆ. ದೊಡ್ಡವು, ತಕರಾರಿನವು ಮಾತ್ರ ಕಮಿಟಿಗೆ. ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ.

ಇಲ್ಲಿ ನಮ್ಮವರಿಗೆ ತಿಳಿದಿರಬೇಕಾದ ಒಂದು ಗುಟ್ಟಿದೆ. ‘ನನ್ನ ಮನೆ ಬೆಲೆ ಬೀಳುತ್ತೆ’, ‘ಕಿಟಕಿಯ ನೋಟ ಹೋಗುತ್ತೆ’ ಅಂದರೆ ಆ ಆಕ್ಷೇಪಣೆಗೆ ಕವಡೆ ಕಿಮ್ಮತ್ತಿಲ್ಲ. ಬೆಳಕು ಕಮ್ಮಿಯಾಗುತ್ತದೆ, ಮಲಗುವ ಕೋಣೆಯೊಳಗೆ ಕಣ್ಣು ಬೀಳುತ್ತದೆ, ವಾಹನ ದಟ್ಟಣೆ, ಗದ್ದಲ ಹೆಚ್ಚುತ್ತದೆ ಅಂದರೆ ಕಾನೂನು ಕಿವಿಗೊಡುತ್ತದೆ. ದೂರು ಅದೇ ಇರಬಹುದು, ಪದ ಸರಿ ಇರಬೇಕು.

ನಿಮಗೂ ವೋಟಿದೆ!

ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಕಾನೂನುಬದ್ಧವಾಗಿ ಇಂಗ್ಲೆಂಡಿನಲ್ಲಿ ನೆಲೆಸಿರುವ ವಯಸ್ಕ ಭಾರತೀಯ ಪ್ರಜೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಸಂಸತ್ತಿನ ಚುನಾವಣೆಗೂ ಅಷ್ಟೇ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಗುರುತುಪತ್ರ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತದೆ. ಕಾಯಂ ವಾಸದ ಅನುಮತಿ ಸಿಕ್ಕವರು ಸ್ಪರ್ಧಿಸಲೂಬಹುದು.

ನಮ್ಮ ಹುಡುಗರು ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಾರೆ, ಯಾಕೆ ಹೇಳಿ? ಕ್ರೆಡಿಟ್ ಸ್ಕೋರ್ ಚೆನ್ನಾಗಾಗಲಿ ಅಂತ! ಮತದ ದಿನ ‘ಅಯ್ಯೋ, ನಮಗ್ಯಾಕೆ’ ಅಂತ ಮನೆಯಲ್ಲೇ ಉಳಿಯುತ್ತಾರೆ. ಹೀಗೆ ‘ನಮಗ್ಯಾಕೆ’ ಅನ್ನದ ಕನ್ನಡಿಗರೂ ಇದ್ದಾರೆ. ಕಲಬುರ್ಗಿ ಮೂಲದ ವೈದ್ಯ ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಥೇಮ್ಸ್ ದಡದಲ್ಲಿ, ಅದೇ ಬರೋದಲ್ಲಿ ಇದೆ.

ನಾನು ಬೆಂಗಳೂರಿನವನು. ನಮ್ಮ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಪ್ಪ ಚರಂಡಿ ದೂರು ಹೇಳಲು ಕಾರ್ಪೊರೇಟರ್ ಇಲ್ಲದೆ ಫೋನಿನಲ್ಲಿ ನನ್ನ ಹತ್ತಿರ ಹೇಳುತ್ತಿದ್ದರು. ಅಂಥ ಊರಿಂದ ಬಂದವನಿಗೆ, 48 ಜನ ಒಬ್ಬೊಬ್ಬರಾಗಿ ಹೆಸರು ಕರೆಸಿಕೊಂಡು ಉತ್ತರ ಕೊಡುವುದು ಸಣ್ಣ ವಿಷಯವಾಗಿ ಕಾಣಲಿಲ್ಲ.

ಇಂಗ್ಲೆಂಡಿನಲ್ಲಿರುವ ಓದುಗರು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಕೌನ್ಸಿಲ್‌ನ ಮುಂದಿನ ಸಭೆಯ ಕಾರ್ಯಸೂಚಿ ತೆರೆದು, ನಿಮ್ಮ ರಸ್ತೆಯ ಹೆಸರು ಹಾಕಿ ಹುಡುಕಿ. ಸಿಕ್ಕರೆ ಆ ಸಂಜೆ ಬಿಡುವು ಮಾಡಿಕೊಳ್ಳಿ. ಪ್ರಶ್ನೆ ಕೇಳಬೇಕೆಂದರೆ ಮೊದಲೇ ಬರೆದು ಕಳಿಸಬೇಕು, ಗಡುವು ನೋಡಿಕೊಳ್ಳಿ. ಫ್ಲಾಸ್ಕ್‌ನಲ್ಲಿ ಕಾಫಿ ಮರೀಬೇಡಿ, ಸಭೆ ಉದ್ದ ಇರುತ್ತೆ.