ಪುಟ್ಟ ಮಗುವಿಗೆ ಪೌಡರ್ ಬೇಕೇ?



ಸಂಘದ ಸಭೆಗೆ ಬರುವಾಗ ಮಗುವಿಗೆ ಸ್ನಾನ ಮಾಡಿಸಿ, ಮೈಗೆಲ್ಲಾ ಪೌಡರ್ ಹಾಕಿ ಕರಕೊಂಡು ಬರುತ್ತೀರಿ. ನೋಡಲು ಚಂದವೇ. ಆದರೆ ಆ ಡಬ್ಬಿಯಲ್ಲಿ ಏನಿದೆ ಎಂದು ನಾವು ಯಾವತ್ತಾದರೂ ಯೋಚಿಸಿದ್ದೇವೆಯೇ?

ಅನೇಕ ಪೌಡರುಗಳಲ್ಲಿ ಇರುವುದು ಟಾಲ್ಕ್. ಇದು ಬಳಪದ ಕಲ್ಲಿನಲ್ಲಿರುವ ಖನಿಜದ ನುಣ್ಣನೆಯ ಪುಡಿ. ನೀರಿನಲ್ಲಿ ಕರಗುವುದಿಲ್ಲ. ಉದುರಿಸುವಾಗ ಏಳುವ ಧೂಳು ಮಗುವಿನ ಶ್ವಾಸಕೋಶ ಸೇರಿದರೆ ಕೆಮ್ಮು, ಉಬ್ಬಸ ಬರಬಹುದು. ಡಬ್ಬಿ ಮುಖದ ಮೇಲೆ ಚೆಲ್ಲಿ ಪ್ರಾಣ ಕಳಕೊಂಡ ಮಕ್ಕಳೂ ಇದ್ದಾರೆ. ಮಗು ಸುಮ್ಮನಿರಲಿ ಎಂದು ಡಬ್ಬಿಯನ್ನೇ ಆಟಕ್ಕೆ ಕೊಡುವುದನ್ನು ಇಂದೇ ನಿಲ್ಲಿಸೋಣ.

ಭೂಮಿಯೊಳಗೆ ಟಾಲ್ಕ್ ಜೊತೆ ಕೆಲವು ಕಡೆ ಆಸ್ಬೆಸ್ಟಾಸ್ ಎಂಬ ಅಪಾಯಕಾರಿ ಖನಿಜವೂ ಬೆರೆತಿರುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಟಾಲ್ಕನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಗಾಬರಿ ಬೇಡ; ಬೇಡದ್ದನ್ನು ಬಿಟ್ಟರೆ ಸಾಕು.

"ಸಿಸ್ಟರ್, ಪೌಡರ್ ಹಾಕದಿದ್ದರೆ ಬೆವರುಸಾಲೆ ಆಗೋದಿಲ್ವಾ?" ಎಂದು ನೀವು ಕೇಳಬಹುದು. ಅದಕ್ಕೆ ಪೌಡರ್ ಔಷಧಿಯಲ್ಲ. ಹೀಗೆ ಮಾಡಿರಿ:

* ಸ್ನಾನದ ನಂತರ ಕತ್ತು, ಕಂಕುಳ, ತೊಡೆಸಂದುಗಳನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿರಿ.
* ಸಡಿಲವಾದ ಹತ್ತಿ ಅಂಗಿ ಹಾಕಿರಿ.
* ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿರಿ.
* ಮಗು ಪೌಡರ್ ಎಳಕೊಂಡು ಕೆಮ್ಮಿದರೆ ತಕ್ಷಣ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಮೊದಲು ಚೆನ್ನಾಗಿದ್ದರೂ ಕೆಲವು ಗಂಟೆಗಳ ನಂತರ ಉಸಿರು ಕಟ್ಟಬಹುದು.

ಪೌಡರಿಗೆ ಕೊಡುವ ದುಡ್ಡಿನಲ್ಲಿ ಮಗುವಿನ ತಾಯಿಗೆ ನಾಲ್ಕು ಮೊಟ್ಟೆ ಬರುತ್ತದೆ. ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಚರ್ಚಿಸಿ, ಮನೆಯಲ್ಲಿರುವ ಅಜ್ಜಿಯಂದಿರಿಗೂ ತಿಳಿಸೋಣ.